ಬಾಣಂತಿ ಕೋಣೆಯಲ್ಲಿ ಜಾವಾ

ಹೊಳೆನರಸೀಪುರ
ಜೂನ್ 27, 2001, ಬುಧವಾರ

ಬಾಣಂತಿ ಬರೆಯಬಾರದಂತೆ, ಕಣ್ಣು ಹೋಗುತ್ತದಂತೆ. ಓದಬಾರದು, ಟಿ.ವಿ. ನೋಡಬಾರದು, ತಣ್ಣೀರು ಮುಟ್ಟಬಾರದು, ಕಿಟಕಿ ತೆಗೆಯಬಾರದು, ಜೋರಾಗಿ ಮಾತಾಡಬಾರದು. ಹಾಗಾದರೆ ಏನು ಮಾಡಬಹುದು ಅಂತ ಅಮ್ಮನನ್ನು ಕೇಳಿದೆ. ಮಲಗು ಅಂದಳು. ಮಲಗಿದೆ, ಎದ್ದೆ, ಮತ್ತೆ ಮಲಗಿದೆ. ಈಗ ಅಮ್ಮ ಹಿತ್ತಲಲ್ಲಿ ಮಗುವಿನ ಬಟ್ಟೆ ಒಗೆಯುತ್ತಿದ್ದಾಳೆ, ಅದಕ್ಕೇ ಬರೆಯುತ್ತಿದ್ದೇನೆ. ತಮ್ಮ ಪ್ರದ್ಯುಮ್ನನ ಹಳೇ ಪ್ರಾಕ್ಟಿಕಲ್ ಪುಸ್ತಕದಲ್ಲಿ ಉಳಿದ ಹಾಳೆಗಳು ಇವು.

ಇದು ಮೊದಲು ಅಕ್ಕಿ ಮೂಟೆ ಇಡುತ್ತಿದ್ದ ಕೋಣೆ. ಇರುವ ಒಂದು ಕಿಟಕಿಗೂ ಅಮ್ಮ ಕಂಬಳಿ ಹೊಡೆಸಿದ್ದಾಳೆ. ನನ್ನ ತಲೆಗೆ ಉಲ್ಲನ್ ಸ್ಕಾರ್ಫು, ಕಿವಿಗೆ ಹತ್ತಿ, ಹೊಟ್ಟೆಗೆ ಬಿಗಿದ ಹಳೇ ಸೀರೆ. ಮೂರು ಹೊತ್ತೂ ಮೆಣಸಿನ ಸಾರು, ತುಪ್ಪ, ಬೆಳ್ಳುಳ್ಳಿ. ಅಪ್ಪ ಪುರೋಹಿತರು, ಔಷಧಿಗೆ ದೋಷವಿಲ್ಲ ಅನ್ನುತ್ತಲೇ ಪಂಚೆಯ ತುದಿಯಿಂದ ಮೂಗು ಮುಚ್ಚಿಕೊಂಡು ನನ್ನ ಬಾಗಿಲು ದಾಟುತ್ತಾರೆ.

ಬೆಳಿಗ್ಗೆ ಚಿಕ್ಕಲಕ್ಷ್ಮಮ್ಮ ಬಂದು ನನಗೂ ಮಗುವಿಗೂ ನೀರೆರೆಯುತ್ತಾಳೆ. ನನ್ನನ್ನು ಹಂಡೆ ತಿಕ್ಕಿದ ಹಾಗೆ ತಿಕ್ಕುತ್ತಾಳೆ. ಕಿರುಚಿದರೆ, ಈಗ ಕಿರುಚ್ಕೋ ಕಣವ್ವ, ಮುದುಕಿ ಆದ್ಮೇಲೆ ಸೊಂಟ ನೋಯಕಿಲ್ಲ ಅನ್ನುತ್ತಾಳೆ.

ಮಗು ಅಳುತ್ತದೆ, ಕುಡಿಯುತ್ತದೆ, ಮಲಗುತ್ತದೆ. ಕಂಪ್ಯೂಟರ್ ಪಾಠದಲ್ಲಿ ಹೇಳುವ ಹಾಗೆ, ಸುತ್ತಿ ಸುತ್ತಿ ಬರುವ ಅದರ ಲೂಪು ಸಣ್ಣದು, ನನ್ನದೂ ಅಷ್ಟೇ. ನನ್ನ ಲೂಪಿನಲ್ಲಿ ಹೊರಗೆ ಬರುವ ಷರತ್ತನ್ನೇ ಬರೆದಿಲ್ಲ.

ಜುಲೈ 1, ಭಾನುವಾರ

ಗೋಡೆಯಾಚೆ ಪ್ರದ್ಯುಮ್ನ ಟಿ.ವಿ. ಗೇಮ್ ಹಾಕಿದ್ದಾನೆ. ಹಾಸನದಲ್ಲಿ ಕೊಂಡ ನಕಲಿ ಪೆಟ್ಟಿಗೆ. ಕ್ಯಾಸೆಟ್ಟಿನ ಬಾಯಿಗೆ ಉಫ್ ಅಂತ ಊದದೆ ಓಡುವುದೇ ಇಲ್ಲ. ಕಿವಿಯಲ್ಲಿ ಹತ್ತಿ ಇದ್ದರೂ ಅದರ ರಾಗ ಕೇಳುತ್ತದೆ. ಅವನು ಯಾವ ಗುಂಡಿಯಲ್ಲಿ ಬಿದ್ದ, ಎಷ್ಟನೇ ಸಲ ಬಿದ್ದ ಅಂತ ಇಲ್ಲಿಂದಲೇ ಹೇಳಬಲ್ಲೆ.

ಅವನಿಗೆ ಬಂದೂಕಿನ ಆಟವೇ ಆಟ. ನನಗೆ ಅದು ಆಟವೇ ಅಲ್ಲ. ಗುಂಡಿ ಒತ್ತಿ ಹಿಡಿದರೆ ಕತ್ತೆಯೂ ಗೆಲ್ಲುತ್ತದೆ. ಹಾರುವ ಆಟದಲ್ಲಿ ಬುದ್ಧಿ ಇದೆ, ಆದರೆ ಒಂದು ಅನ್ಯಾಯವೂ ಇದೆ. ಪರದೆ ಬಲಕ್ಕೆ ಮಾತ್ರ ಸರಿಯುತ್ತದೆ. ಬಿಟ್ಟುಬಂದ ಕಾಸಿಗೆ ಹಿಂದಕ್ಕೆ ಹೋಗುವ ಹಾಗಿಲ್ಲ. ಅದನ್ನು ಬರೆದವನಿಗೆ ನಾಲ್ಕು ಸಾಲು ಹೆಚ್ಚು ಬರೆಯಲು ಸೋಮಾರಿತನ ಅಂತ ನಾನು ಮದುವೆಗೆ ಮುಂಚಿನಿಂದಲೂ ವಾದಿಸುತ್ತ ಬಂದಿದ್ದೇನೆ. ಎಲ್ಲಕ್ಕಿಂತ ಪ್ರಾಮಾಣಿಕವಾದದ್ದು ಕೈಯಲ್ಲಿ ಹಿಡಿಯುವ ಬ್ರಿಕ್ ಗೇಮ್. ಇಟ್ಟಿಗೆ ಬೀಳುತ್ತವೆ, ಜೋಡಿಸು, ಸಾಲು ತುಂಬಿದರೆ ಅಳಿಯುತ್ತದೆ. ಗೆಲುವು ಅಂತ ಇಲ್ಲವೇ ಇಲ್ಲ, ಎಷ್ಟು ತಡವಾಗಿ ಸೋಲುತ್ತೀಯ ಅನ್ನುವುದೊಂದೇ ಲೆಕ್ಕ. ಪ್ರದ್ಯುಮ್ನ ಅದನ್ನು ಗುಟ್ಟಾಗಿ ನನ್ನ ದಿಂಬಿನ ಕೆಳಗೆ ಇಟ್ಟುಹೋಗಿದ್ದಾನೆ. ಚಿನ್ನದಂಥ ಹುಡುಗ.

ಜುಲೈ 9, ಸೋಮವಾರ

ನಿನ್ನೆ ಜಯಂತ್ ಬಂದಿದ್ದರು. ನಮ್ಮ ಮನೆ ಇರುವುದು ಹಾಸನದಲ್ಲಿ, ಅವರು ಮೇಷ್ಟರಾಗಿರುವುದು ಚನ್ನರಾಯಪಟ್ಟಣದಲ್ಲಿ; ವಾರಕ್ಕೊಂದು ಸಲ ಬಾಗಿಲಲ್ಲಿ ನಿಂತು ಹೆಂಡತಿಯನ್ನು ನೋಡಿಕೊಂಡು ಹೋಗುತ್ತಾರೆ. ನಾನು ಪಾಠ ಮಾಡುತ್ತಿದ್ದ ಕಂಪ್ಯೂಟರ್ ಸೆಂಟರಿನ ಬೈರಯ್ಯ ಸಾರ್ ಅವರಿಗೆ ಸಿಕ್ಕಿದ್ದರಂತೆ. ಕೋಬಾಲ್ ಭಾಷೆಯ ಪಾಠ ಹೋಗಿ ವರ್ಷವಾಯಿತು, ಸೆಪ್ಟೆಂಬರಿನಿಂದ ಸಿ ಭಾಷೆ ಕೂಡ ಇಲ್ಲ, ಇನ್ನು ಬರೀ ಜಾವಾ. ಅದಕ್ಕೆ ಒಬ್ಬ ಟೀಚರ್ ಸಾಕು. ನನಗೂ ಅರಕಲಗೂಡಿನ ಪ್ರೇಮಕುಮಾರಿಗೂ ಡೆಮೊ ಕ್ಲಾಸ್ ಇಟ್ಟು ಒಬ್ಬರನ್ನು ಉಳಿಸಿಕೊಳ್ಳುತ್ತಾರೆ. ಪ್ರೇಮಕುಮಾರಿಗೆ ಜಾವಾ ಬರುತ್ತದೆ. ನನಗೆ ಬರುವುದಿಲ್ಲ, ಕಲಿಯಬಾರದು ಅಂತಲೇ ಹಟ ಹಿಡಿದಿದ್ದೆ.

ನಾಲ್ಕು ವರ್ಷ ಸಿ ಕಲಿಸಿದವಳು ನಾನು. ಕೋಬಾಲ್ ಅಂದರೆ ತಾಲ್ಲೂಕು ಕಚೇರಿಗೆ ಬರೆದ ಅರ್ಜಿ. ಬೇಸಿಕ್ ಅಂಗನವಾಡಿ. ಸಿ ಒಂದೇ ಮರ್ಯಾದಸ್ತ ಭಾಷೆ: ಮಾತು ಕಡಿಮೆ, ಕಂಪ್ಯೂಟರಿನ ನೆನಪಿನಲ್ಲಿ ತೆಗೆದುಕೊಂಡ ಜಾಗವನ್ನು ನೀನೇ ವಾಪಸು ಕೊಡಬೇಕು, ಮರೆತೆಯೋ ಅನುಭವಿಸು. ಜಾವಾದಲ್ಲಿ ನಮಸ್ಕಾರ ಅನ್ನುವುದಕ್ಕೂ ಉದ್ದದ ಪೀಠಿಕೆ. ನೀನು ಬಳಸಿ ಬಿಟ್ಟದ್ದನ್ನು ಎತ್ತಲು ಹಿಂದೆ ಒಬ್ಬ ಆಳು ಬೇರೆ ಇರುತ್ತಾನೆ, ಗಾರ್ಬೇಜ್ ಕಲೆಕ್ಟರ್ ಅಂತ. ಉಂಡ ಎಲೆ ಎತ್ತದ ಗಂಡಸರು ಮಾಡಿದ ಭಾಷೆ.

ಆದರೆ ಈ ಕೆಲಸ ಹೋದರೆ ನನಗೆ ಇನ್ನೊಂದಿಲ್ಲ. ಹೋದರೆ ಹೋಗಲಿ, ಮನೇಲೇ ಇರು ಅಂದರು ಜಯಂತ್, ಪ್ರೀತಿಯಿಂದಲೇ. ಬೈದು ಹೇಳಿದ್ದರೆ ಜಗಳವಾಡಬಹುದಿತ್ತು. ಪ್ರೀತಿಗೆ ಏನು ಹೇಳಲಿ? ಕಲಿಯುತ್ತೇನೆ. ಹಾಳು ಜಾವಾ ಕಲಿತೇ ಕಲಿಯುತ್ತೇನೆ.

ಜುಲೈ 12, ಗುರುವಾರ

ಏರ್ಪಾಡು ಹೀಗೆ. ಪ್ರದ್ಯುಮ್ನನಿಗೆ ಹಾಸನದ ಕಾಲೇಜಿನಲ್ಲಿ ಜಾವಾ ಇದೆ. ಅವನ ನೋಟ್ಸನ್ನು ನಾನು ಸೊಳ್ಳೆಪರದೆಯೊಳಗೆ ಟಾರ್ಚ್ ಹಿಡಿದು ಓದುತ್ತೇನೆ. ಪ್ರೋಗ್ರಾಮನ್ನು ಕಾಗದದ ಮೇಲೆ ಬರೆದು ಮಡಿಸಿ ತೊಟ್ಟಿಲ ಹಾಸಿಗೆಯ ಕೆಳಗೆ ಇಡುತ್ತೇನೆ. ಮಗುವನ್ನು ಮುದ್ದಿಸುವ ನೆಪದಲ್ಲಿ ಅವನು ಅದನ್ನು ಜೇಬಿಗಿಳಿಸುತ್ತಾನೆ, ಏಳೂವರೆ ಬಸ್ಸಿಗೆ ಹೋಗುತ್ತಾನೆ, ಕಾಲೇಜಿನ ಲ್ಯಾಬಿನಲ್ಲಿ ಟೈಪ್ ಮಾಡುತ್ತಾನೆ, ಬಂದ ತಪ್ಪುಗಳನ್ನು ಬರೆದುಕೊಂಡು ಸಂಜೆ ವಾಪಸು ತರುತ್ತಾನೆ. ಕ್ಷಣದಲ್ಲಿ ಆಗುವ ಕೆಲಸಕ್ಕೆ ಒಂದು ದಿನ ಮತ್ತು ಎರಡು ಬಸ್ಸು.

ಅಮ್ಮನಿಗೆ, ಇವನಿಗೆ ಸೋದರ ಸೊಸೆಯ ಮೇಲೆ ಇಷ್ಟೊಂದು ಅಕ್ಕರೆ ಯಾವಾಗ ಹುಟ್ಟಿತು ಅಂತ ಆಶ್ಚರ್ಯ.

ಜುಲೈ 13, ಶುಕ್ರವಾರ

ಪ್ರೋಗ್ರಾಮಿನಲ್ಲಿ ಒಂದು ಇಂಗ್ಲಿಷ್ ಅಕ್ಷರ ದೊಡ್ಡದು ಮಾಡಬೇಕಿತ್ತು, ಸಣ್ಣದು ಮಾಡಿದ್ದೆ. ಅಷ್ಟಕ್ಕೆ ಇಡೀ ದಿನ ಹೋಯಿತು.

ಜುಲೈ 16, ಸೋಮವಾರ

ಮತ್ತೆ ತಪ್ಪು. ಅತ್ತೆ. ಮಗುವೂ ಅತ್ತಿತು. ಅದರ ದನಿಗೆ ಅಮ್ಮ ಓಡಿ ಬಂದಳು, ನನ್ನದು ಯಾರಿಗೂ ಕೇಳಲಿಲ್ಲ.

ಜುಲೈ 20, ಶುಕ್ರವಾರ

ಬ್ರಿಕ್ ಗೇಮ್ ಸಿಕ್ಕಿಬಿತ್ತು. ಹಾಸಿಗೆ ಕೊಡವುವಾಗ ಅಮ್ಮನ ಕಾಲ ಮೇಲೆ ಬಿದ್ದು ಟೊಯ್ಯ್ ಅಂತ ಕೂಗಿಕೊಂಡಿತು. ಬಾಣಂತಿ ಕೈಯಲ್ಲಿ ಇದೇನೇ ಗೀಜಗ ಅಂದಳು. ಮಡಿಲಿಗೆ ಹಾಕಿಕೊಂಡು ಹೋದಳು. ಇನ್ನು ಈ ಕೋಣೆಯಲ್ಲಿ ಉಳಿದ ಮನರಂಜನೆ ಹಲ್ಲಿ.

ಜುಲೈ 28, ಶನಿವಾರ

ಇವತ್ತು ಮಧ್ಯಾಹ್ನ ಅಡುಗೆಮನೆಯಿಂದ ಟೊಯ್ ಟೊಯ್ ಅಂತ ಕೇಳಿಸಿತು. ಮೊದಲು ಇಲಿ ಅಂದುಕೊಂಡೆ. ಕಿವಿಯ ಹತ್ತಿ ತೆಗೆದು ಆಲಿಸಿದೆ. ಒಂದು ಸಾಲು ಅಳಿಸಿದ ಸದ್ದು. ಆಮೇಲೆ ಎರಡು ಸಾಲು ಒಟ್ಟಿಗೆ.

ಕೇಳಿದರೆ ಅಮ್ಮ ಒಪ್ಪಿಕೊಂಡಳು, ನಾಚಿಕೆಯೇನೂ ಪಡಲಿಲ್ಲ. ಪಾತ್ರೆ ಸ್ಟ್ಯಾಂಡಿನಲ್ಲಿ ಪಾತ್ರೆ ಜೋಡಿಸಿದ ಹಾಗೇ ಅಂತೆ. ಪ್ರದ್ಯುಮ್ನನ ಬಂದೂಕಿನ ಆಟದ ಬಗ್ಗೆಯೂ ಅವಳದೊಂದು ತೀರ್ಪಿದೆ: ಆ ಗಲಾಟೆಯಲ್ಲಿ ಒಲೆ ಮೇಲಿನ ಹಾಲಿನ ಗತಿಯೇನು? ಇದರಲ್ಲಾದರೆ ನಿಲ್ಲಿಸುವ ಗುಂಡಿ ಇದೆ. ಯಾವುದೇ ಆಟಕ್ಕೆ ಅದು ಮೊದಲು ಬೇಕಾದದ್ದು ಅಂದಳು. ಆಟಗಳ ಬಗ್ಗೆ ನಾನು ಇಷ್ಟು ವರ್ಷ ವಾದ ಮಾಡಿದ್ದರಲ್ಲಿ ಇದು ಹೊಳೆದಿರಲಿಲ್ಲ. ಆದರೂ ಬ್ರಿಕ್ ಗೇಮ್ ವಾಪಸು ಕೊಡಲಿಲ್ಲ. ನಿನ್ನ ಕಣ್ಣು ಹಾಳಾಗುತ್ತೆ ಅಂದಳು.

ಆಗಸ್ಟ್ 6, ಸೋಮವಾರ

ಡೆಮೊ ಕ್ಲಾಸಿಗೆಂದು ವಾರವೆಲ್ಲ ಕೂತು ಬರೆದ ಪ್ರೋಗ್ರಾಮು ಹೇಮಾವತಿ ಹೊಳೆಯ ಪಾಲಾಯಿತು.

ಚಿಕ್ಕಲಕ್ಷ್ಮಮ್ಮ ತೊಟ್ಟಿಲ ಬಟ್ಟೆ ಬದಲಿಸುವಾಗ ಕಾಗದದ ಮಡಿಕೆ ಸಿಕ್ಕಿದೆ. ಬಿಡಿಸಿದರೆ ಹಾವಿನಂಥ ಆವರಣ ಚಿಹ್ನೆಗಳು, ನಕ್ಷತ್ರ, ಚುಕ್ಕಿ, ಅಡ್ಡಗೆರೆ, ನಡುನಡುವೆ ಇಂಗ್ಲಿಷು. ಯಾರೋ ಮಗೀಗೆ ಯಂತ್ರ ಬರ್ಸಿ ಮಡಗವ್ರೆ ಕಣವ್ವ ಅಂದಳಂತೆ. ಅಮ್ಮನಿಗೆ ಹಿಂದಿನ ದಿನ ನಮ್ಮತ್ತೆ ಬಂದು ತೊಟ್ಟಿಲು ತೂಗಿಹೋದದ್ದು ನೆನಪಾಗಿದೆ. ಮಾಟ ಮಾಡಿದ್ದನ್ನು ಸುಡಬಾರದು, ಹರಿಯುವ ನೀರಿಗೆ ಬಿಡಬೇಕು ಅಂತ ಅಪ್ಪನ ಕೈಗೆ ಕೊಟ್ಟಿದ್ದಾಳೆ. ಅಪ್ಪ ಅದನ್ನು ಬಿಡಿಸಿ ಕೂಡ ನೋಡದೆ ಹೊಳೆಗೆ ಹೋಗಿ, ಮಂತ್ರ ಹೇಳಿ ಬಿಟ್ಟು, ಮುಳುಗು ಹಾಕಿ ಬಂದಿದ್ದಾರೆ.

ಅದು ಯಂತ್ರವಲ್ಲ, ನನ್ನ ಹೊಟ್ಟೆಪಾಡು ಅಂತ ಕೂಗಾಡಿದೆ. ನಮ್ಮತ್ತೆ ಪಾಪ, ಬಾಳೆಹಣ್ಣು ತಂದುಕೊಟ್ಟು ಹೋದವರು ಮಾಟಗಾತಿಯಾದರು. ಕೋಪದಲ್ಲಿ ಆಡಬಾರದ್ದನ್ನೂ ಆಡಿದೆ. ಅಜ್ಜಿ ನಿನ್ನ ಕಾಲು ಕಟ್ಟಿಹಾಕಿದ ಹಾಗೆ ನೀನು ನನ್ನದು ಕಟ್ಟುತ್ತಿದ್ದೀಯ ಅಂದೆ. ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತಿರುವ ಕಥೆ ಅದು. ಅಮ್ಮ ಟಿ.ಸಿ.ಎಚ್. ಪಾಸು ಮಾಡಿದವಳು. ನಾನು ಹುಟ್ಟಿದಾಗಲೇ ಅರಕಲಗೂಡಿನ ಕಡೆ ಒಂದು ಸ್ಕೂಲಿಗೆ ಟೀಚರ್ ಕೆಲಸದ ಆರ್ಡರ್ ಬಂದಿತ್ತು. ಅಜ್ಜಿ ಕಾವೇರಮ್ಮ ಬಾಣಂತಿಯನ್ನು ಹೊರಗೆ ಕಳಿಸಲಿಲ್ಲ, ಕೆಲಸ ಕೈಬಿಟ್ಟುಹೋಯಿತು.

ಅಮ್ಮ ಬಟ್ಟೆ ತೆಗೆದುಕೊಂಡು ಹಿತ್ತಲಿಗೆ ಹೋದಳು.

ಆಗಸ್ಟ್ 8, ಬುಧವಾರ

ಮಧ್ಯಾಹ್ನ ಅಮ್ಮ ಬಂದು ಕೂತು, ಅದರಲ್ಲಿ ಏನು ಬರೆದಿದ್ದೆ, ಹೇಳು ಅಂದಳು. ಕ್ಷಮಿಸು ಅನ್ನುವ ಜಾತಿಯಲ್ಲ ಅವಳು. ನಾನೂ ಅಲ್ಲ. ಮಕ್ಕಳ ಅಂಕಪಟ್ಟಿ ಮಾಡುವ ಪ್ರೋಗ್ರಾಮು ಅಂತ ಶುರು ಮಾಡಿ ಸಾಲು ಸಾಲಾಗಿ ವಿವರಿಸಿದೆ. ನಡುವೆ ಎರಡು ಸಲ ತಡೆದು ಪ್ರಶ್ನೆ ಕೇಳಿದಳು, ಎರಡೂ ಸರಿಯಾದ ಜಾಗದಲ್ಲೇ. ವಿವರಿಸುತ್ತ ವಿವರಿಸುತ್ತ ಹೊಳೆಗೆ ಹೋದ ಸಾಲುಗಳೆಲ್ಲ ನೆನಪಿಗೆ ಬಂದು ಮತ್ತೆ ಬರೆದುಕೊಂಡೆ. ಬರೆಯುವಾಗ ಅಮ್ಮ ಬೇಡ ಅನ್ನಲಿಲ್ಲ, ಎದ್ದು ಲೈಟು ಹಾಕಿದಳು.

ಆಗಸ್ಟ್ 14, ಮಂಗಳವಾರ

ಓಡಿತು! ಒಂದೂ ತಪ್ಪಿಲ್ಲದೆ ಓಡಿತು. ಪ್ರದ್ಯುಮ್ನ ಪ್ರಿಂಟ್ ತೆಗೆದುಕೊಂಡು ಬಂದಿದ್ದಾನೆ, ಐದು ಮಕ್ಕಳ ಹೆಸರು, ಮುಂದೆ ಅಂಕ, ಕೆಳಗೆ ಸರಾಸರಿ. ಸಿಯಲ್ಲಿ ಇದನ್ನು ಅರ್ಧ ಸಾಲುಗಳಲ್ಲಿ ಮುಗಿಸುತ್ತಿದ್ದೆ, ಆ ಮಾತು ಬೇರೆ. ಆದರೆ ನಾನು ತಪ್ಪು ಮಾಡಿದರೆ ಎಲ್ಲಿ ಮಾಡಿದೆ ಅಂತ ಜಾವಾ ಹೇಳುತ್ತದೆ, ಸಿ ಹಾಗಲ್ಲ, ಮುಖ ತಿರುಗಿಸಿಕೊಂಡು ಕೂರುತ್ತದೆ. ಇಷ್ಟನ್ನು ಒಪ್ಪಿಕೊಳ್ಳುತ್ತೇನೆ, ಪ್ರದ್ಯುಮ್ನನ ಮುಂದೆ ಮಾತ್ರ ಅಲ್ಲ.

ಪ್ರಿಂಟನ್ನು ತೊಟ್ಟಿಲಲ್ಲಿದ್ದ ಪುಟ್ಟಿಯ ಮುಖದ ಮುಂದೆ ಹಿಡಿದೆ. ನಕ್ಕಳು. ಗ್ಯಾಸು ಅನ್ನುತ್ತಾಳೆ ಅಮ್ಮ. ಗ್ಯಾಸಂತೆ ಗ್ಯಾಸು, ನನ್ನ ಮುಖ ನೋಡಿಯೇ ನಕ್ಕಳು.

ಆಗಸ್ಟ್ 22, ಬುಧವಾರ

ಗಣೇಶನ ಹಬ್ಬ. ಕಡುಬಿನ ವಾಸನೆ ಬಂತು, ನನಗೆ ಮೆಣಸಿನ ಸಾರೇ. ಜಯಂತ್ ಬಂದು ಡೆಮೊ ಕ್ಲಾಸಿನ ತಾರೀಖು ಹೇಳಿದರು. ಸೆಪ್ಟೆಂಬರ್ ಮೂರು, ಸೋಮವಾರ, ಹತ್ತು ಗಂಟೆ.

ಅಮ್ಮನ ಮೂರು ತಿಂಗಳ ಬಾಣಂತನದ ಲೆಕ್ಕಕ್ಕೆ ಆವತ್ತಿಗೆ ಇನ್ನೂ ಒಂದು ವಾರ ಬಾಕಿ ಇರುತ್ತದೆ. ಆಗುವುದಿಲ್ಲ ಅನ್ನುತ್ತಾಳೆ ಅಂತ ಅವಳ ಮುಖ ನೋಡಿದೆ. ಎಷ್ಟು ಹೊತ್ತು ಪಾಠ ಅಂತ ಕೇಳಿ ಒಳಗೆ ಹೋದಳು. ಇಷ್ಟು ದಿನ ಕಿಟಕಿಗೆ ಕಂಬಳಿ ಹೊಡೆಸಿದವಳಿಗೆ ಈಗ ಏನೂ ಅನ್ನಿಸುವುದಿಲ್ಲವೇ? ಅಸಡ್ಡೆ. ಮಗಳು ಹೇಗಾದರೂ ಇರಲಿ ಅಂತ.

ಆಗಸ್ಟ್ 27, ಸೋಮವಾರ

ಕಣ್ಣು ನೋಯುತ್ತಿದೆ. ಟಾರ್ಚಿನಲ್ಲಿ ಓದಿದ್ದು ತಪ್ಪಾಯಿತು, ಅಮ್ಮ ಹೇಳಿದ್ದು ಸುಳ್ಳಲ್ಲ. ಕಿಟಕಿಯ ಕಂಬಳಿಯನ್ನು ಯಾರೋ ಸರಿಸಿದ್ದರು, ಎದ್ದು ನಾನೇ ಮುಚ್ಚಿದೆ.

ಪ್ರೇಮಕುಮಾರಿ ಒಳ್ಳೆ ಹುಡುಗಿ. ಇಂಗ್ಲಿಷೂ ಚೆನ್ನಾಗಿದೆ.

ಆಗಸ್ಟ್ 30, ಗುರುವಾರ

ಇವತ್ತೂ ಪ್ರದ್ಯುಮ್ನನಿಗೆ ಕಾಗದ ಕೊಡಲಿಲ್ಲ. ಪುಟ್ಟಿಗೆ ನೆಗಡಿ ಇದೆ. ಇರಬಹುದು. ಒಂದು ಸಲ ಸೀನಿದಳು.

ಸೆಪ್ಟೆಂಬರ್ 1, ಶನಿವಾರ

ಪ್ರದ್ಯುಮ್ನನಿಗೆ, ಬೈರಯ್ಯ ಸಾರಿಗೆ ಹೇಳಿ ಬಾ, ಬಾಣಂತಿ, ಗಾಳಿಗೆ ಹೋಗುವ ಹಾಗಿಲ್ಲ, ಮನೆಯಲ್ಲಿ ಕಳಿಸುವುದಿಲ್ಲ ಅಂದೆ. ಅವನು, ಅಮ್ಮ ಎಲ್ಲಿ ಕಳಿಸಲ್ಲ ಅಂದ್ಲು ಅಂತ ಕೇಳಿದ. ಅನ್ನುತ್ತಾಳೆ, ನಿನಗೆ ಗೊತ್ತಿಲ್ಲವಾ ಅಂದೆ. ಒಂದೂವರೆ ತಿಂಗಳು ಬಸ್ಸಿನಲ್ಲಿ ಕಾಗದ ಹೊತ್ತವನಿಗೆ ಕೋಪ ಬರುವುದು ಸಹಜ. ಚಪ್ಪಲಿ ಮೆಟ್ಟಿಕೊಂಡು ಹೊರಟುಹೋದ.

ಹಾಸನದಲ್ಲಿ ಹೇಳಿದನೋ ಇಲ್ಲವೋ, ಬಂದ ಮೇಲೂ ಬಾಯಿ ಬಿಟ್ಟಿಲ್ಲ. ಮನಸ್ಸಿಗೆ ಒಂದು ಥರ ಹಗುರವಾಗಿದೆ. ಈ ಕೋಣೆಯೂ ಅಂಥ ಕೆಟ್ಟದ್ದೇನಲ್ಲ. ಬೆಚ್ಚಗಿದೆ.

ಸೆಪ್ಟೆಂಬರ್ 2, ಭಾನುವಾರ

ಪ್ರದ್ಯುಮ್ನ ಹೇಳಿರಲಿಲ್ಲ. ಬೈರಯ್ಯ ಸಾರಿಗೆ ಹೇಳುವ ಬದಲು ಅಮ್ಮನಿಗೆ ಹೇಳಿದ್ದಾನೆ, ದ್ರೋಹಿ.

ಬೆಳಿಗ್ಗೆ ನೀರೆರೆದಾದ ಮೇಲೆ ಅಮ್ಮ ಬಂದು ನನ್ನ ಇಸ್ತ್ರಿ ಮಾಡಿದ ಹಸಿರು ಸೀರೆಯನ್ನು ಕಾಲ ಬಳಿ ಇಟ್ಟಳು. ನಾನು ಕಣ್ಣುನೋವು ಅಂದೆ. ಗಾಳಿ ಅಂದೆ. ಪುಟ್ಟಿಯ ನೆಗಡಿ ಅಂದೆ. ಮೂರು ತಿಂಗಳು ಅಂತ ನೀನೇ ಹೇಳಿದ್ದಲ್ಲ, ಈಗ ನೀನೇ ತಳ್ಳುತ್ತೀಯಾ ಅಂದೆ. ಎಲ್ಲ ಕೇಳಿಸಿಕೊಂಡು ಅವಳು ಬಾಗಿಲು ಮುಂದೆ ಮಾಡಿ ಬಂದು ಹಾಸಿಗೆಯ ತುದಿಯಲ್ಲಿ ಕೂತಳು.

“ನಿಮ್ಮಜ್ಜಿ ನನ್ನ ಬೇಡ ಅನ್ನಲಿಲ್ಲ ಕಣೇ” ಅಂದಳು. “ಹೋಗಿ ಬಾ ಗಂಗಾ, ಮಗೂನ ನಾನು ನೋಡ್ಕೋತೀನಿ ಅಂದ್ರು. ಜಟಕಾನೂ ಕರೆಸಿದ್ರು. ನಾನೇ ಗಾಳಿ ಅಂದೆ, ಕಣ್ಣುನೋವು ಅಂದೆ. ಅಷ್ಟು ಮಕ್ಕಳ ಮುಂದೆ ನಿಂತ್ಕೊಂಡು ಬಾಯಿ ಬರದೆ ಹೋದ್ರೆ ಅಂತ ಭಯ. ಎದ್ದು ಹೊರಗೆ ಬರೋ ಹೊತ್ತಿಗೆ ನಿನಗೆ ಮೂರು ವರ್ಷ.”

ಹಾಗಾದರೆ ಇಷ್ಟು ವರ್ಷ ಎಲ್ಲರೂ ಅಜ್ಜಿಯನ್ನು ಬೈಯುತ್ತಿದ್ದದ್ದು ಅಂತ ಕೇಳಿದೆ.

“ಕೇಳ್ಕೊಂಡು ಸುಮ್ನಿದ್ದೆ. ಸಾಯೋವರೆಗೂ ಅವರೂ ಒಂದು ಮಾತು ಆಡಲಿಲ್ಲ. ನೀನು ನಾಳೆ ಹೋಗದೆ ಇದ್ರೆ ಜನ ನನ್ನ ಬೈತಾರೆ, ಬೈಲಿ, ನಿಮ್ಮಜ್ಜಿ ಬೈಸ್ಕೊಂಡ ಹಾಗೆ ನಾನೂ ಬೈಸ್ಕೋತೀನಿ. ಆದ್ರೆ ನಾನು ಬಾಗಿಲು ಹಾಕಿದ್ದು ಗಾಳಿಗೆ, ಹಂಸ. ನಿನಗಲ್ಲ.”

ನನಗೆ ಸಿಟ್ಟು ಬಂತು. ನನಗೆ ಭಯವೇನಿಲ್ಲ ಅಂತ ಹೇಳಬೇಕೆಂದು ಬಾಯಿ ತೆರೆದೆ, ಅಳು ಬಂತು. ಅಮ್ಮ ಸಮಾಧಾನ ಮಾಡಲಿಲ್ಲ. ಹಾಲು ಹಿಂಡಿ ಇಟ್ಟು ಹೋಗುವುದು ಹೇಗೆ ಅಂತ ಚಿಕ್ಕಲಕ್ಷ್ಮಮ್ಮನನ್ನು ಕರೆದು ಕೇಳಿದಳು.

ಸೆಪ್ಟೆಂಬರ್ 3, ಸೋಮವಾರ

ಹೋಗಿ ಬಂದೆ.

ಏಳೂವರೆ ಬಸ್ಸಿನಲ್ಲಿ ಪ್ರದ್ಯುಮ್ನ ಕಿಟಕಿ ಪಕ್ಕದ ಸೀಟು ಬಿಟ್ಟುಕೊಟ್ಟ. ಊರು ದಾಟುವವರೆಗೂ ಸ್ಕಾರ್ಫು ಕಟ್ಟಿಕೊಂಡೇ ಇದ್ದೆ. ಬೆಳಕು ಕಣ್ಣಿಗೆ ಚುಚ್ಚಿತು. ರಸ್ತೆ ಬದಿಯ ಹೊಲ, ದನ, ಸ್ಕೂಲಿಗೆ ಹೊರಟ ಮಕ್ಕಳು, ಎಲ್ಲ ನಾನಿಲ್ಲದೆಯೇ ನಡೆಯುತ್ತಿತ್ತು ಅಂತ ಸಂಕಟವಾಯಿತು.

ಪ್ರೇಮಕುಮಾರಿ ಮೊದಲು ಮಾಡಿದಳು, ಚೆನ್ನಾಗಿಯೇ ಮಾಡಿದಳು. ನನ್ನ ಸರದಿ ಬಂದಾಗ ಬೋರ್ಡಿನ ಕಡೆ ತಿರುಗಿದೆ, ಒಂದು ಅಕ್ಷರವೂ ನೆನಪಿಗೆ ಬರಲಿಲ್ಲ. ಅಮ್ಮನಿಗೆ ವಿವರಿಸಿದ್ದು ನೆನಪಾಯಿತು. ಹಾಗೇ ಶುರು ಮಾಡಿದೆ, ಐದು ಮಕ್ಕಳು, ಅವರ ಅಂಕ, ಅವರ ಸರಾಸರಿ. ಆಮೇಲೆ ಬಾಯಿ ತಾನಾಗಿ ನಡೆಯಿತು. ಹಿಂದಿನ ಬೆಂಚಿನ ಹುಡುಗಿ ಎದ್ದು, ಆ ಗಾರ್ಬೇಜ್ ಕಲೆಕ್ಟರಿಗೆ ಯಾವುದು ಬೇಕು, ಯಾವುದು ಬೇಡ ಅಂತ ಹೇಗೆ ಗೊತ್ತಾಗುತ್ತೆ ಮಿಸ್ ಅಂತ ಕೇಳಿದಳು. ಯಾರೂ ಹಿಡಿದುಕೊಂಡಿಲ್ಲದ್ದನ್ನು ಮಾತ್ರ ಅದು ಎತ್ತಿಕೊಂಡು ಹೋಗುತ್ತದೆ ಅಂದೆ. ನಡೆಯುತ್ತಿರುವ ಪ್ರೋಗ್ರಾಮಿನಿಂದ ಒಂದೇ ಒಂದು ಕೈ ಹಿಡಿದಿದ್ದರೂ ಸಾಕು, ಮುಟ್ಟುವುದಿಲ್ಲ. ಹೇಳುವಾಗಲೇ ಎದೆಯಲ್ಲಿ ಹಾಲಿಳಿದು ರವಿಕೆ ಒದ್ದೆಯಾಯಿತು. ಸೆರಗು ಎಳೆದುಕೊಂಡು ಉಳಿದ ಪಾಠ ಮುಗಿಸಿದೆ. ಬೆಂಚಿನ ಮೇಲೆ ಯಾರೂ ನಗಲಿಲ್ಲ.

ಬೈರಯ್ಯ ಸಾರ್ ಇಬ್ಬರನ್ನೂ ಕೂರಿಸಿ ಅಲ್ಲೇ ಹೇಳಿದರು. ಜಾವಾ ನನಗೆ, ನಾಳೆಯಿಂದಲೇ ಬೆಳಗಿನ ಬ್ಯಾಚ್. ಪ್ರೇಮಕುಮಾರಿ ನನ್ನ ಕೈ ಹಿಡಿದು ಅಭಿನಂದನೆ ಹೇಳಿದಳು, ಅವಳ ಕಣ್ಣು ಕೆಂಪಾಗಿತ್ತು, ನನಗೆ ಅವಳ ಮುಖ ನೋಡಲಾಗಲಿಲ್ಲ. ನಾನು ಸಾರಿಗೆ ಏನೆಂದೆ? ಮನೆಯಲ್ಲಿ ಕೇಳಿ ಹೇಳ್ತೀನಿ ಸಾರ್ ಅಂದೆ. ಬಸ್ಸಿನುದ್ದಕ್ಕೂ ಆ ಮಾತಿಗೆ ನನಗೇ ನಾಚಿಕೆಯಾಯಿತು.

ಮನೆಗೆ ಬಂದಾಗ ಅಮ್ಮ ನಡುಮನೆಯಲ್ಲಿ ಪುಟ್ಟಿಯನ್ನು ಕಾಲ ಮೇಲೆ ಮಲಗಿಸಿಕೊಂಡಿದ್ದಳು. ಒಳಲೆಯಲ್ಲಿ ಹಾಲು ಕುಡಿಸಿದ್ದರಲ್ಲಿ ಅರ್ಧ ಉಗಿದಳಂತೆ, ಒಂದು ಗಂಟೆ ಊರೆಲ್ಲ ಕೇಳುವ ಹಾಗೆ ಅತ್ತಳಂತೆ. ನನ್ನ ದನಿ ಕೇಳಿ ಕತ್ತು ತಿರುಗಿಸಿದಳು. ಎತ್ತಿಕೊಂಡೆ. ಅವಳು ಕುಡಿಯುತ್ತಿರುವಾಗ, ನಾಳೆಯಿಂದಲೇ ಬಾ ಅಂದರು, ಇವಳು ಇಷ್ಟು ಅಳುತ್ತಾಳಲ್ಲ, ಒಂದು ವಾರ ಬಿಟ್ಟು ಬರುತ್ತೇನೆ ಅನ್ನಲೇ ಅಂತ ಅಮ್ಮನನ್ನು ಕೇಳಿದೆ.

ಅಮ್ಮ ಒಣಗಿದ ಬಟ್ಟೆಗಳನ್ನು ಮಡಿಸುತ್ತಿದ್ದಳು. ತಲೆ ಎತ್ತಲಿಲ್ಲ.

“ಏಳೂವರೆ ಬಸ್ಸು ತಾನೆ? ಐದಕ್ಕೆ ಎಬ್ಬಿಸ್ತೀನಿ” ಅಂದಳು.